ತೊಳೆದ ಬಾಟಲಿ

ಆ ಬಾಟಲಿಯನ್ನು ತೊಳೆಯಲಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಬಗ್ಗೆ ಯಾರು ಕೇಳಿದರೂ ನಮ್ಮ ಕೇಂದ್ರದ ನಿರ್ದೇಶಕರು ಮೊದಲು ಹೇಳುವುದು ಇದನ್ನೇ, ಮತ್ತು ಇದು ಸುಳ್ಳಲ್ಲ. ಕಾಂಪೌಂಡಿನಾಚೆ ಮೋರಿಯ ಪಕ್ಕ ಯಾರೋ ಎಸೆದು ಹೋಗಿದ್ದ ಕ್ವಾರ್ಟರ್ ಬಾಟಲಿ ಅದು. ನಿರ್ದೇಶಕರೇ ಅದನ್ನು ತಂದು, ಹಿತ್ತಲ ನಲ್ಲಿಗೆ ಹಿಡಿದು, ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಕುಲುಕಿ ಚೆಲ್ಲಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಒಂದು ಸಲ ಕುಲುಕಿದರು. ಆಮೇಲೆ ಹಾಲಿಲ್ಲದ ಟೀ ಸುರಿದು, ಬಿರಡೆ ಹಾಕಿ, ಬೆಳಕಿಗೆ ಹಿಡಿದು ನೋಡಿದರು. ಬಣ್ಣ ಸರಿಯಾಗಿ ಬಂದಿತ್ತು. ಅವರಿಗೆ ಸಮಾಧಾನವಾಯಿತು.

ನಾನು ಚಳ್ಳಕೆರೆಯ ಆ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಊರು ಬಿ.ಜಿ. ಕೆರೆ. ಅವ್ವನ ಜೊತೆ ಅಲ್ಲೇ ಇದ್ದು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಎಣ್ಣೆ ಮಿಲ್ಲುಗಳ ಹಿಂದಿನ ರಸ್ತೆಯಲ್ಲಿ ಇರುವುದರಿಂದ ನಮ್ಮ ಕಟ್ಟಡಕ್ಕೆ ಸದಾ ಶೇಂಗಾ ಹಿಂಡಿಯ ವಾಸನೆ. ನಾನು ಸಮಾಜಕಾರ್ಯ ಓದಿ ಈ ಕೆಲಸಕ್ಕೆ ಬಂದವಳು. ನಾನು ಹೇಳಹೊರಟಿರುವವರು ಕುಡಿದು, ಬಿಟ್ಟು ಬಂದವರು. ಮೊಳಕಾಲ್ಮುರಿನ ನೇಕಾರರು, ಮನೆಮಾತು ತೆಲುಗು, ವಯಸ್ಸು ಐವತ್ತರ ಮೇಲೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ನಮ್ಮಲ್ಲೇ ದಾಖಲಾಗಿ ಕುಡಿತ ಬಿಟ್ಟ ಮೇಲೆ, ಹೊಸದಾಗಿ ಬಂದವರ ಜೊತೆ ಕೂರುವುದಕ್ಕೆ ಅವರನ್ನೇ ಇಟ್ಟುಕೊಂಡಿದ್ದೆವು. ದಿನ ಬಿಟ್ಟು ದಿನ ಬರುತ್ತಿದ್ದರು.

ಅವರು ಕೂರುವ ರೀತಿ ಬೇರೆ. ಎದುರಿಗೆ ಕುರ್ಚಿ ಹಾಕಿಕೊಳ್ಳುತ್ತಿರಲಿಲ್ಲ. ಮಂಚದ ಅಂಚಿನಲ್ಲಿ, ಆ ಮನುಷ್ಯನ ಪಕ್ಕ, ಇಬ್ಬರೂ ಒಂದೇ ಗೋಡೆ ನೋಡುವ ಹಾಗೆ ಕೂರುತ್ತಿದ್ದರು. ತಾವು ಕುಡಿಯುತ್ತಿದ್ದ ಕಾಲದ ಮಾತನ್ನು ಒಬ್ಬರಿಗೆ ಮಾತ್ರ ಹೇಳುತ್ತಿದ್ದರು, ನಾಲ್ಕು ಜನ ಸೇರಿದರೆ ನಿಲ್ಲಿಸುತ್ತಿದ್ದರು. ನಾಲ್ಕು ಜನ ಸೇರಿದರೆ ಅದು ನಗುವ ಕಥೆಯಾಗುತ್ತದೆ, ನಗು ಬಂದರೆ ಆ ಕಾಲ ಚೆನ್ನಾಗಿತ್ತು ಅನಿಸುತ್ತದೆ ಎಂದು ಒಮ್ಮೆ ನನಗೆ ವಿವರಿಸಿದ್ದರು. ಬಾಟಲಿಯನ್ನು, ಖಾಲಿಯಾದದ್ದನ್ನು ಕೂಡ, ಮುಟ್ಟುತ್ತಿರಲಿಲ್ಲ. ಕೊಂಡ್ಲಹಳ್ಳಿಯ ಒಂದು ಮನೆಗೆ ಭೇಟಿಗೆ ಹೋದಾಗ ಆ ಮನೆಯ ಹೆಂಗಸು ಗಂಡ ಬಚ್ಚಿಟ್ಟಿದ್ದ ಮದ್ಯದ ಪಾಕೆಟ್ಟುಗಳನ್ನೆಲ್ಲ ತಂದು ನಮ್ಮ ಮುಂದೆ ಹಾಕಿದಳು. ಅಣ್ಣ ಎದ್ದು ಹೊರಗೆ ಹೋಗಿ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಂತುಬಿಟ್ಟರು. ಎಲ್ಲ ಚೆಲ್ಲಿಸಿ ಬಂದ ಮೇಲೆ ಕೇಳಿದೆ.

“ನನ್ ಮೂಗು ಇನ್ನಾ ಅದ್ರ ಪಾರ್ಟಿನೇ ತಂಗಿ. ಅದನ್ನ ಒಂದಿನಾನೂ ನಂಬಾಕಾಗಲ್ಲ,” ಎಂದರು.

ಅವರ ಮನೆಯ ವಿಷಯವನ್ನೂ ಇಲ್ಲಿ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಮೊಳಕಾಲ್ಮುರು ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಅದಕ್ಕೆ ಮಗ್ಗದಲ್ಲಿ ಮೂರು ಲಾಳಿ ಓಡಬೇಕು. ಒಬ್ಬರ ಕೈಗೆ ಅದು ಎಟುಕುವುದಿಲ್ಲ. ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ಕೂತು ಆ ಕಡೆಯ ಅಂಚಿನ ಲಾಳಿಯನ್ನು ಪ್ರತಿ ಸಾಲಿಗೂ ತಿರುಗಿಸಿ ಕೊಡಬೇಕು. ಆ ಜಾಗದಲ್ಲಿ ಕೂರುತ್ತಿದ್ದವರು ಅವರ ಹೆಂಡತಿ. ಗಂಡನ ಕುಡಿತ ಮಿತಿಮೀರಿದ ಒಂದು ದಿನ ಆಕೆ ಅಲ್ಲಿಂದ ಎದ್ದವರು ವರ್ಷಗಟ್ಟಲೆ ಮತ್ತೆ ಕೂರಲಿಲ್ಲ. ಅಣ್ಣ ಒಬ್ಬರೇ ಅಂಚಿಲ್ಲದ ಸೀರೆ ನೇಯುತ್ತಿದ್ದರು, ನೇಯುವ ಸ್ಥಿತಿಯಲ್ಲಿದ್ದ ದಿನ. ಬಿಟ್ಟ ಮೇಲೂ ಆಕೆ ಬೇಗ ನಂಬಲಿಲ್ಲ. ಬಹಳ ದಿನ ನೋಡಿ, ಒಂದು ಬೆಳಿಗ್ಗೆ ಮಾತಿಲ್ಲದೆ ಬಂದು ಕೂತರಂತೆ. ಇನ್ನೊಂದು ಸಲ ಕುಡಿದರೆ ಏಳುತ್ತೇನೆ, ಎದ್ದರೆ ಮುಗಿಯಿತು ಎಂದು ಹೇಳಿಯೇ ಕೂತಿದ್ದರು. ಅಣ್ಣನಿಗೆ ಮಗ್ಗದ ಆ ಪಕ್ಕದ ಜಾಗ ತುಂಬಿರುವುದೇ ಕುಡಿಯದೆ ಇರುವುದಕ್ಕೆ ಸಾಕ್ಷಿಯಾಗಿತ್ತು.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಪ್ರಮಾಣಪತ್ರ ಇಲ್ಲದವರು ಇನ್ನು ಮುಂದೆ ಕೇಂದ್ರಗಳಲ್ಲಿ ರೋಗಿಗಳ ಜೊತೆ ಕೆಲಸ ಮಾಡುವಂತಿಲ್ಲ. ಸಮಾಲೋಚಕರಿಗೆ ಒಂದು ಪರೀಕ್ಷೆ, ಅಣ್ಣನಂಥವರಿಗೆ ಇನ್ನೊಂದು. ಅಣ್ಣನಂಥವರಿಗೆ ಕಾಗದದಲ್ಲಿ ‘ಸಹವರ್ತಿ ಚೇತರಿಕೆ ಕಾರ್ಯಕರ್ತ’ ಎಂಬ ಹೆಸರು ಇಟ್ಟಿದ್ದರು. ಪ್ರಮಾಣಪತ್ರ ಬೇಡ ಎನ್ನುವವಳು ನಾನಲ್ಲ. ಈ ಜಿಲ್ಲೆಯಲ್ಲಿ ಹಗ್ಗದಲ್ಲಿ ಕಟ್ಟಿಹಾಕಿ ಕುಡಿತ ಬಿಡಿಸುವವರನ್ನು ನಾನು ನೋಡಿದ್ದೇನೆ. ಅಂಥವರನ್ನು ತಡೆಯಲು ಏನಾದರೂ ಇರಬೇಕು. ಆದರೆ ಬಂದದ್ದು ಅದಲ್ಲ. ಬಂದದ್ದು ಕೊರಳಿಗೆ ನೇತುಹಾಕುವ ನೀಲಿ ಪಟ್ಟಿ, ಹೊಳೆಯುವ ಫೈಲು, ಮತ್ತು ಹೊರಗಿನ ಸಂಸ್ಥೆಯ ಒಬ್ಬ ತರಬೇತುದಾರ. ಆತ ಮೊದಲ ದಿನ ನಮ್ಮ ಕೈಗೆ ಬಲೂನು ಕೊಟ್ಟು, ನಿಮ್ಮ ಒತ್ತಡವನ್ನೆಲ್ಲ ಇದರೊಳಗೆ ಊದಿ ಎಂದ. ಊದಿದೆವು. ಈಗ ಒಡೆಯಿರಿ ಎಂದ. ಒಡೆದೆವು. ಈಗ ಹಗುರಾಯಿತಲ್ಲವೇ ಎಂದು ಕೇಳಿದ. ನಿರ್ದೇಶಕರು ಎಲ್ಲರಿಗಿಂತ ಮೊದಲು ಹೌದು ಎಂದರು.

ಒಳಗಿದ್ದ ರೋಗಿಗಳಿಗೆ ಇದೆಲ್ಲ ಒಳ್ಳೆಯ ಮೋಜು. ಉಳ್ಳಾರ್ತಿ ಕಾವಲ್ ಕಡೆ ಕಾಂಕ್ರೀಟ್ ಕೆಲಸಕ್ಕೆ ಹೋಗುತ್ತಿದ್ದ ಒಬ್ಬ, ಅಣ್ಣನ ಕೊರಳಿನ ಪಟ್ಟಿ ನೋಡಿ ಮಂಚದಿಂದಲೇ ಕರೆದ.

“ಏನಣ್ಣಾ, ನಿಂಗೂ ಪರೀಕ್ಷೆನಾ? ಕುಡ್ದಿದ್ದಕ್ಕೆ ಮಾರ್ಕ್ಸ್ ಕೊಡ್ತಾರಂತಾ?”

“ಕುಡ್ದಿದ್ದಕ್ಕಲ್ಲಲೇ, ಬಿಟ್ಟಿದ್ದಕ್ಕೆ.”

“ಹಂಗಾದ್ರೆ ನಂದು ಫೇಲು ಬಿಡು.”

ಅಣ್ಣ ನಕ್ಕರು. ಪರೀಕ್ಷೆಯ ಬಗ್ಗೆ ಅವರಿಗೆ ಭಯವಿತ್ತು, ನಾಚಿಕೆ ಇರಲಿಲ್ಲ. ಕೆಲಸ ಹೋದರೆ ದಿನ ಬಿಟ್ಟು ದಿನ ಚಳ್ಳಕೆರೆಗೆ ಬರುವುದು ನಿಲ್ಲುತ್ತದೆ. ಇಲ್ಲಿ ಬೇರೆಯವರ ನಡುಕ ನೋಡುತ್ತಿರುವುದರಿಂದಲೇ ತಾನು ನೆಟ್ಟಗಿದ್ದೇನೆ ಎಂದು ಅವರು ನಂಬಿದ್ದರು. ಅದಕ್ಕಾಗಿ ಪಾಠಗಳನ್ನೆಲ್ಲ ಗಮನವಿಟ್ಟು ಕೇಳಿದರು. ತರಬೇತುದಾರ ಹೇಳಿದ್ದನ್ನು ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಮತ್ತೆ ಹೇಳಿಸಿಕೊಳ್ಳುತ್ತಿದ್ದರು.

ಕೊನೆಯ ದಿನ ಬೆಳಗಿನ ಪಾಠ ಯಾವುದಾಗಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಬಿಟ್ಟವರನ್ನು ಮತ್ತೆ ಕುಡಿತಕ್ಕೆ ಎಳೆಯುವ ಸಂಗತಿಗಳು. ಪರದೆಯ ಮೇಲೆ ಮೆದುಳಿನ ಚಿತ್ರ, ಅದಕ್ಕೆ ಕೆಂಪು ಬಾಣಗಳು. ವಾಸನೆ, ಜಾಗ, ಹಳೆಯ ಗೆಳೆಯರು, ಬಾಟಲಿಯನ್ನು ನೋಡುವುದು. ಆತ ಇದನ್ನು ನಮ್ಮಿಂದ ಜೋರಾಗಿ ಹೇಳಿಸಿದ. ಅಣ್ಣ ನನ್ನ ಪಕ್ಕದಲ್ಲಿ ಕೂತು ಎಲ್ಲರ ಜೊತೆ ಹೇಳಿದರು.

ಮಧ್ಯಾಹ್ನ ಪ್ರಾಯೋಗಿಕ ಪರೀಕ್ಷೆ. ಒಬ್ಬ ಸಮಾಲೋಚಕ ಒಬ್ಬ ಕುಡುಕನನ್ನು ಎದುರಿಸಿ ಮಾತಾಡಿಸಬೇಕು, ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಮೇಲಿನ ಕಚೇರಿಗೆ ಕಳಿಸಬೇಕು. ಕುಡುಕನ ಪಾತ್ರ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಬಂತು. ತರಬೇತಿಗೆ ಬಂದಿದ್ದ ಬೇರೆ ಊರಿನ ಅಭ್ಯರ್ಥಿಯೊಬ್ಬ ಎದ್ದು ತೂರಾಡಿ ತೋರಿಸಿದ, ತರಬೇತುದಾರನಿಗೆ ಅದು ಸಿನಿಮಾ ಹಾಗೆ ಕಂಡಿತು. ಆಗ ನಿರ್ದೇಶಕರು ಅಣ್ಣನ ಹೆಗಲ ಮೇಲೆ ಕೈ ಹಾಕಿ, ನಮ್ಮಲ್ಲೇ ಅಸಲಿ ಮಾಲು ಇರುವಾಗ ನಕಲಿ ಯಾಕೆ ಎಂದರು. ಎಲ್ಲರೂ ನಕ್ಕರು. ಅಣ್ಣನಿಗೂ ಇದೇ ಪ್ರಾಯೋಗಿಕ ಪರೀಕ್ಷೆ ಎಂದು ಪರಿಗಣಿಸಬಹುದು ಎಂದು ತರಬೇತುದಾರ ಒಪ್ಪಿದ. ಅನುಭವವನ್ನು ಹಂಚಿಕೊಳ್ಳುವುದೇ ಇವರ ಅರ್ಹತೆ ತಾನೇ ಎಂದ. ಆಮೇಲೆ ನಿರ್ದೇಶಕರು ಹಿತ್ತಲಿಗೆ ಹೋದರು. ಕಿಟಕಿಯಿಂದ ನಾನು ನೋಡಿದ್ದು ಆಗಲೇ.

ನಾನು ಎದ್ದು ನಿಂತೆ. ಬಾಟಲಿ ಬೇಡ ಎಂದೆ. ಬೆಳಿಗ್ಗೆ ನಮ್ಮಿಂದ ಹೇಳಿಸಿದ್ದನ್ನೇ ತರಬೇತುದಾರನಿಗೆ ನೆನಪಿಸಿದೆ. ಆತ ಸಿಟ್ಟಾಗಲಿಲ್ಲ. ಅಂಥವರು ಸಿಟ್ಟಾಗುವುದಿಲ್ಲ. ನನ್ನ ಕಾಳಜಿಯನ್ನು ಗೌರವಿಸುವುದಾಗಿಯೂ, ಇದು ಸುರಕ್ಷಿತ ವಾತಾವರಣ ಎಂದೂ, ಅದರಲ್ಲಿರುವುದು ಟೀ ಎಂದೂ ಹೇಳಿದ. ಬಾಟಲಿ ತೊಳೆದಿದೆ ಎಂದು ನಿರ್ದೇಶಕರು ಸೇರಿಸಿದರು. ನಾನು ಅಣ್ಣನ ಕಡೆ ನೋಡಿದೆ. ಅವರು, ಕೂತ್ಕ ತಂಗಿ, ಮುಗಿಸಿಬಿಡಾನ ಎಂದರು.

ಕುಡಿದು ಮನೆಗೆ ಬಂದಾಗಿನಿಂದ ಶುರು ಮಾಡಿ ಎಂದು ಆತ ಹೇಳಿದ. ಅಣ್ಣ ಬಾಟಲಿಯನ್ನು ಮೈಯಿಂದ ದೂರ ಹಿಡಿದು ನಿಂತರು. ಸಹಜವಾಗಿ, ಸಹಜವಾಗಿ ಎಂದು ಆತ ಹುರಿದುಂಬಿಸಿದ. ಅಣ್ಣ ಬಿರಡೆ ತಿರುಗಿಸಿದರು. ಮೂಗಿನ ಹೊಳ್ಳೆ ಅಗಲವಾದದ್ದನ್ನು ನಾನು ಕಂಡೆ. ಅದಾದ ಮೇಲೆ ಅಲ್ಲಿ ನಿಂತಿದ್ದ ಮನುಷ್ಯ ನನಗೆ ಗೊತ್ತಿದ್ದವರಲ್ಲ.

“ಏಮೇ! ತಲುಪು ತೀಯ್,” ಎಂದರು. ತೆಲುಗಿನಲ್ಲಿ, ಬಾಗಿಲು ತೆಗೆಯೇ ಎಂದು. ಅವರ ಎದುರಿಗೆ ಬಾಗಿಲಿರಲಿಲ್ಲ, ಆದರೆ ಅವರು ಒದ್ದದ್ದು ಬಾಗಿಲನ್ನೇ. ಒಳಗೆ ಬಂದು ಯಾರನ್ನೋ ಹುಡುಕಿದರು. ಖಾಲಿ ಮೂಲೆಯಲ್ಲಿ ಅವರಿಗೆ ಯಾರೋ ಕಂಡರು. ಕೈ ಎತ್ತಿದರು. ಎತ್ತಿದ ಕೈಯನ್ನು ಇಳಿಸಿದ ರೀತಿಯನ್ನು ನಾನು ಬರೆಯುವುದಿಲ್ಲ. ಎದುರಿಗೆ ಕೂತಿದ್ದ ಅಭ್ಯರ್ಥಿ ಕಾಗದ ನೋಡಿಕೊಂಡು, ನಿಮ್ಮ ಭಾವನೆಗಳನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ ಎಂದು ಓದಿದ. ಕೈ ಇಳಿದ ರಭಸಕ್ಕೆ ಬಾಟಲಿಯಲ್ಲಿದ್ದದ್ದು ಅಣ್ಣನ ಅಂಗಿಯ ಮೇಲೆಲ್ಲ ಚೆಲ್ಲಿತು. ಬಾಟಲಿಯ ಬಾಯಿ ಅವರ ತುಟಿಗೆ ತಾಗಲಿಲ್ಲ. ನಾನು ಬೇರೇನನ್ನೂ ನೋಡದೆ ಅದನ್ನೇ ನೋಡುತ್ತಿದ್ದೆ. ಒಂದು ಸಲವೂ ತಾಗಲಿಲ್ಲ.

ಹಾಲ್ ತುಂಬ ಚಪ್ಪಾಳೆ. ತರಬೇತುದಾರ ಎದ್ದು ಬಂದು ಅವರ ಕೈ ಕುಲುಕಿದ. ನಿರ್ದೇಶಕರು ನನ್ನ ಕಡೆ ತಿರುಗಿ, ನೋಡಿದ್ರಾ ಮೇಡಂ, ಏನೂ ಆಗಲಿಲ್ಲ ಎಂದರು.

ಸಂಜೆ ಮೊಳಕಾಲ್ಮುರು ಬಸ್ಸು ಹತ್ತಿದೆವು. ಅಣ್ಣ ಕಿಟಕಿಯ ಕಡೆ ನನ್ನನ್ನು ಕೂರಿಸಿದರು. ರಸ್ತೆಯ ಆ ಬದಿಗೇ ವೈನ್ ಶಾಪುಗಳು ಬರುತ್ತವೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅಂಗಿಯಿಂದ ಟೀ ವಾಸನೆ ಬರುತ್ತಿತ್ತು, ಅದರ ಕೆಳಗೆ ಇನ್ನೊಂದು ವಾಸನೆ. ಒಂದು ಸಲ ಕುಲುಕಿ ಚೆಲ್ಲಿದರೆ ಹೋಗುವಂಥದ್ದಲ್ಲ ಅದು. ಬಿ.ಜಿ. ಕೆರೆ ಹತ್ತಿರ ಬಂದಾಗ ನಾನು ಚೀಲ ಎತ್ತಿಕೊಂಡೆ.

“ಇವತ್ತು ಇಳೀಬ್ಯಾಡ ತಂಗಿ,” ಎಂದರು. “ಮನೆ ತನ್ಕ ಬಾ. ಬಸ್ ಸ್ಟ್ಯಾಂಡಿಂದ ಮನೆಗೆ ನಾನೊಬ್ನೇ ನಡೆಯಾದು ಬ್ಯಾಡ.”

ಇಳಿಯಲಿಲ್ಲ. ಅವ್ವನಿಗೆ ಫೋನು ಮಾಡಿ ತಡವಾಗುತ್ತದೆ ಎಂದೆ. ಬಸ್ ಸ್ಟ್ಯಾಂಡಿನಿಂದ ನಾವು ನೇರ ದಾರಿ ಬಿಟ್ಟು, ನೇಕಾರರ ಓಣಿಗಳನ್ನೇ ಹಿಡಿದು ಸುತ್ತಿಕೊಂಡು ಹೋದೆವು. ಮನೆ ಮುಟ್ಟಿದೆವು. ಗೆದ್ದೆವು ಎಂದುಕೊಂಡೆ.

ಅಕ್ಕ, ಅಂದರೆ ಅವರ ಹೆಂಡತಿ, ಬಾಗಿಲಲ್ಲೇ ಇದ್ದರು. ಅಣ್ಣ ಹೊಸ್ತಿಲು ದಾಟುವಾಗ ಆಕೆಯ ಮುಖ ಬದಲಾಯಿತು. ಗಂಡನನ್ನು ಯಾವಾಗಲೂ ಬಹುವಚನದಲ್ಲಿ ಮಾತಾಡಿಸುವವರು.

“ತಾಗೊಚ್ಚಿನಾವಾ?” ಎಂದರು. ಕುಡಿದು ಬಂದಿದ್ದೀಯಾ ಎಂದು, ಏಕವಚನದಲ್ಲಿ.

ನಾನು ಹೇಳಿದೆ. ಆದದ್ದನ್ನು ಆದ ಕ್ರಮದಲ್ಲಿ, ಏನನ್ನೂ ಬಿಡದೆ ಹೇಳಿದೆ. ಪರೀಕ್ಷೆಗೆ ಅಂತ ಬಾಟಲಿ ಕೊಟ್ಟರು, ಅದರಲ್ಲಿ ಟೀ ಇತ್ತು, ಅಂಗಿಯ ಮೇಲೆ ಚೆಲ್ಲಿತು, ಬಾಯಿಗೆ ಹೋಗಿಲ್ಲ. ಹೇಳುತ್ತಿರುವಾಗಲೇ ಅದು ಎಂಥ ಕಥೆಯ ಹಾಗೆ ಕೇಳುತ್ತಿದೆ ಎಂದು ನನಗೇ ಗೊತ್ತಾಯಿತು. ಕುಡುಕರ ಮನೆಯ ಹೆಂಗಸರು ವರ್ಷಗಟ್ಟಲೆ ಕೇಳಿಸಿಕೊಂಡ ನೆಪಗಳಲ್ಲಿ ಇಷ್ಟು ಪೆದ್ದಾದದ್ದು ಇರಲಾರದು. ಕುಡಿತ ಬಿಡಿಸುವ ಜಾಗದಲ್ಲಿ, ಬಿಡಿಸುವವರೇ, ಬಿಟ್ಟವನ ಕೈಗೆ ಬಾಟಲಿ ಕೊಟ್ಟರಂತೆ! ಯಾರು ನಂಬುತ್ತಾರೆ?

“ನಿಮ್ಮ ಕೇಂದ್ರದ ಮನುಷ್ಯ ಅಂತ ನೀನು ಹಂಗೇ ಹೇಳ್ತೀಯಮ್ಮ,” ಎಂದರು ಅಕ್ಕ. ಸಿಟ್ಟಿನಿಂದಲ್ಲ.

ಆಮೇಲೆ ಆಕೆ ಮಗ್ಗದ ಹತ್ತಿರ ಹೋಗಿ ಹಾಸಿನ ಒಂದು ಎಳೆಯನ್ನು ಉಗುರಿನಿಂದ ಕಿತ್ತರು. ಕೂಡಿಸು ಎಂದು ಗಂಡನಿಗೆ ಕಣ್ಣಲ್ಲೇ ತೋರಿಸಿದರು. ಹಳೆಯ ಕಾಲದಲ್ಲೂ ಆಕೆ ಹೀಗೇ ಪರೀಕ್ಷಿಸುತ್ತಿದ್ದರಂತೆ, ನನಗೆ ಆಮೇಲೆ ತಿಳಿಯಿತು. ಬಾಯಿ ಸುಳ್ಳು ಹೇಳಬಹುದು, ಏಲಕ್ಕಿ ಅಗಿದು ವಾಸನೆ ಮುಚ್ಚಬಹುದು, ಆದರೆ ಕುಡಿದ ಬೆರಳಿಗೆ ಕೂದಲಿನಂಥ ರೇಷ್ಮೆ ಎಳೆ ಸಿಕ್ಕುವುದಿಲ್ಲ. ಅಣ್ಣ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತರು. ಎಳೆಯ ಎರಡು ತುದಿ ಹಿಡಿದರು. ಮಧ್ಯಾಹ್ನದಿಂದ ಬಸ್ಸಿನ ಕಂಬಿಯಲ್ಲಿ ಅದುಮಿಟ್ಟಿದ್ದದ್ದೆಲ್ಲ ಆಗ ಬೆರಳಿಗೆ ಬಂತು. ತುದಿಗಳು ಒಂದಕ್ಕೊಂದು ಸೇರಲಿಲ್ಲ. ಮತ್ತೆ ಹಿಡಿದರು. ಜಾರಿತು. ಕುಡಿಯದ ಮನುಷ್ಯನ ಕೈ, ಕುಡಿದವನ ಕೈಯಂತೆಯೇ ನಡುಗುತ್ತಿತ್ತು. ಅದು ಹೆದರಿಕೆಯ ನಡುಕ ಎಂದು ನಾನು ಹೇಳಿದೆ. ಆ ಮನೆಯಲ್ಲಿ ನನ್ನ ಮಾತಿಗೆ ಆ ಎಳೆಯಷ್ಟು ತೂಕವಿರಲಿಲ್ಲ.

ಅಕ್ಕ ಅಂಚಿನ ಲಾಳಿಯನ್ನು ತೆಗೆದು ಗೋಡೆಯ ಮಾಡಿನಲ್ಲಿ ಇಟ್ಟು ಒಳಗೆ ಹೋದರು.

ಮಾರನೆಯ ದಿನ ನಾನು ಕೇಂದ್ರಕ್ಕೆ ಹೋಗುವಷ್ಟರಲ್ಲಿ ಆಕೆ ಅಲ್ಲಿ ಜಗಲಿಯ ಮೇಲೆ ಕೂತಿದ್ದರು. ಅಣ್ಣ ಬಂದಿರಲಿಲ್ಲ. ಮನೆಯಲ್ಲೇ ಇದ್ದಾರೆ, ರಾತ್ರಿಯಿಂದ ಹೊರಗೆ ಹೋಗಿಲ್ಲ ಎಂದು ಹೇಳಿದರು. ಬಿಟ್ಟವನ ಕೈಗೆ ಬಾಟಲಿ ಕೊಟ್ಟದ್ದು ನಿಜವಾ ಎಂದು ಮಾಡಿದವರನ್ನೇ ಕೇಳಲು ಬಂದಿದ್ದರು. ನಿರ್ದೇಶಕರು ಆಕೆಯನ್ನು ಒಳಗೆ ಕರೆದು ಕುರ್ಚಿ ಹಾಕಿಸಿದರು, ಅವರಿಗೆ ಇದರಲ್ಲಿ ಮುಜುಗರವೇನೂ ಕಾಣಲಿಲ್ಲ. ಹೌದಮ್ಮ, ತೊಳೆದೇ ಕೊಟ್ಟಿದ್ದು ಎಂದರು. ಅಷ್ಟಕ್ಕೇ ನಿಲ್ಲಿಸದೆ, ನಿಮ್ಮ ಯಜಮಾನರ ಪ್ರತಿಭೆ ನೀವೇ ನೋಡಿ ಎಂದು ಮೊಬೈಲು ತೆಗೆದು ವಿಡಿಯೊ ಹಾಕಿದರು. ನಾನು ತಡೆಯಲು ಹೋದೆ. ನೋಡಲಿ ಬಿಡಿ ಮೇಡಂ, ಡೌಟು ಹೋಗಲಿ ಎಂದರು.

ಅಕ್ಕ ನೋಡಿದರು. ಬಾಗಿಲು ಒದ್ದದ್ದನ್ನು, ಮೂಲೆಯಲ್ಲಿ ಹುಡುಕಿದ್ದನ್ನು ನೋಡಿದರು. ಪರದೆಯಲ್ಲಿ ಗಂಡ ಕೈ ಎತ್ತಿದಾಗ ಅಕ್ಕನ ತಲೆ ತಾನಾಗಿಯೇ ಒಂದು ಪಕ್ಕಕ್ಕೆ ಸರಿಯಿತು. ಒಂದು ಅಂಗೈಯಗಲದ ಪರದೆಯ ಮುಂದೆ, ಹಗಲು ಹೊತ್ತಿನಲ್ಲಿ, ಕುರ್ಚಿಯ ಮೇಲೆ ಕೂತು. ಮೊಬೈಲಿನಿಂದ ಚಪ್ಪಾಳೆ ಕೇಳಿಸಿತು.

“ಕುಡ್ದಿಲ್ಲ,” ಎಂದರು ಅಕ್ಕ. “ಸರಿ. ಸಾರ್, ಅಲ್ಲಿ ಕೈ ಎತ್ತಿದ್ದು ಯಾರ ಮ್ಯಾಲೆ ಅಂತ ನಿಮಗ್ ಗೊತ್ತೈತಾ?”

“ಅದು ಆ್ಯಕ್ಟಿಂಗ್ ಅಮ್ಮ.”

“ಅಲ್ಲ ಸಾರ್. ಎದುರಿಗೆ ನಾನಿದ್ದೆ. ನಿಮಗೆ ಕಾಣಿಸ್ತಿಲ್ಲ ಅಷ್ಟೆ.”

ನಿರ್ದೇಶಕರು ಮೊಬೈಲನ್ನು ಮಗುಚಿ ಇಟ್ಟರು. ಅದನ್ನು ಅಳಿಸಿಬಿಡಿ ಎಂದು ಅಕ್ಕ ಕೇಳಿದರು. ಅದು ಮೇಲಿನ ಕಚೇರಿಗೆ ಹೋಗಿಯಾಗಿದೆ, ಬಹಳ ಮೆಚ್ಚಿದ್ದಾರೆ, ಮುಂದಿನ ತಂಡಗಳಿಗೆ ಮಾದರಿಯಾಗಿ ತೋರಿಸುತ್ತಾರಂತೆ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಮುಂದಿನ ಸಲವೂ ಇವರನ್ನೇ ಕಳಿಸಿಕೊಡಿ ಎಂದು ಕೇಳಿದರು.

“ಅವರು ಬರಲ್ಲ. ಕುಡುಕರು ಬೇಕಂದ್ರೆ ಕುಡಿಯೋರನ್ನ ಕರೀರಿ. ಎಲ್ಡು ತಾಲ್ಲೂಕಿನಾಗೂ ಬರ ಇಲ್ಲ,” ಎಂದು ಅಕ್ಕ ಎದ್ದರು. ಬಸ್ಸಿಗೆ ಬಿಡಲು ನಾನು ಜೊತೆಗೆ ಹೋದೆ. ದಾರಿಯಲ್ಲಿ ಒಂದೇ ಮಾತು ಹೇಳಿದರು. ಇವರು ಅದನ್ನು ಯಾವಾಗ ತೋರಿಸಿದರೂ, ಎದುರಿಗೆ ಒಬ್ಬಳಿದ್ದಳು ಅಂತ ಅಲ್ಲಿ ಕೂತವರಿಗೆ ನೀನು ಹೇಳಬೇಕು ಎಂದರು.

ವಾಪಸು ಬಂದಾಗ ನಿರ್ದೇಶಕರು, ಆಯಮ್ಮ ಯಾಕೆ ಇಷ್ಟು ಎಮೋಷನಲ್ ಆದರು, ಪಾಸಾಗಿದ್ದಾರಲ್ಲ ಎಂದು ನನ್ನನ್ನು ಕೇಳಿದರು. ನಿಜವಾಗಿಯೂ ಗೊತ್ತಾಗದೆ ಕೇಳಿದರು. ಕೆಟ್ಟವರಾಗಿದ್ದರೆ ನನಗೆ ಅವರ ಬಗ್ಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ನಮ್ಮಲ್ಲೇ ತರಬೇತಿಗೆ ಬಂದ ಮುಂದಿನ ತಂಡಕ್ಕೆ ವಿಡಿಯೊ ತೋರಿಸಿದರು. ಮುಗಿದ ಕೂಡಲೇ ನಾನು ಎದ್ದು, ಅಕ್ಕ ಹೇಳಿದ್ದನ್ನು ಹೇಳಿದೆ. ಹೆಸರು ಹೇಳಲಿಲ್ಲ. ಆ ಮೂಲೆಯಲ್ಲಿ ಒಬ್ಬ ಹೆಂಗಸು ಇದ್ದಳು, ಪಾಡುಪಟ್ಟು ಅಲ್ಲಿಂದ ಎದ್ದು ಬಂದ ಈ ಮನುಷ್ಯನನ್ನು ನೀವು ಮತ್ತೆ ಅಲ್ಲಿಗೇ ತಳ್ಳಿ ಚಿತ್ರ ತೆಗೆದಿದ್ದೀರಿ ಎಂದೆ. ತರಬೇತುದಾರ ತಲೆಯಾಡಿಸಿ, ಇಷ್ಟು ಮುಕ್ತವಾಗಿ ಹಂಚಿಕೊಂಡಿದ್ದಕ್ಕೆ ಧನ್ಯವಾದ ಮೇಡಂ ಎಂದ. ಇದು ಬಹಳ ಒಳ್ಳೆಯ ಅಂಶ, ಎಲ್ಲರೂ ಬರೆದುಕೊಳ್ಳಿ ಎಂದ. ಬರೆದುಕೊಂಡರು.

ಆ ಭಾನುವಾರ ಮೊಳಕಾಲ್ಮುರಿಗೆ ಹೋಗಿ ಅಕ್ಕನಿಗೆ ಇದನ್ನೆಲ್ಲ ತಿಳಿಸಿದೆ. ಆಕೆ ಟೀ ಇಟ್ಟುಕೊಟ್ಟರು. ಗಂಡ ಕುಡಿದಿಲ್ಲ ಎಂಬುದರಲ್ಲಿ ಆಕೆಗೆ ಈಗ ಅನುಮಾನವಿಲ್ಲ, ಮಾತು ಮತ್ತೆ ಬಹುವಚನಕ್ಕೆ ಬಂದಿದೆ. ಆದರೂ ಮಗ್ಗಕ್ಕೆ ಕೂತಿಲ್ಲ. ಕೂರಲು ಹೋದರೆ ಪಕ್ಕದಲ್ಲಿ ಆ ಕೈ ಏಳುವುದು ಕಾಣುತ್ತದಂತೆ. ಅಷ್ಟು ವರ್ಷ ಆ ಕೈಯ ಏಟು ತಿಂದವರು ಅದನ್ನು ಹೊರಗಿನಿಂದ ನೋಡಿರಲಿಲ್ಲ, ನಮ್ಮವರು ತೋರಿಸಿದರು.

ಅಣ್ಣ ಗುಂಡಿಯಲ್ಲಿ ಒಬ್ಬರೇ ಕೂತು ಅಂಚಿಲ್ಲದ ಸೀರೆ ನೇಯುತ್ತಿದ್ದರು. ಕುಡಿದಿಲ್ಲ. ನಾನು ಹೊರಡುವಾಗ ಲಾಳಿ ನಿಲ್ಲಿಸಿ, ಒಳಗಿನವರಿಗೆ ಕೇಳಿಸದಂತೆ ಹೇಳಿದರು.

“ಆಕೆ ಕೂರಾದು ಆಕೆ ಇಷ್ಟ ತಂಗಿ. ಕೂರದಿದ್ರೂ ಕುಡಿಯಲ್ಲ ಅಂತ ನಾನು ಈಗ ಹೊಸದಾಗಿ ಕಲೀಬೇಕು.”